ಒಂದು ಎಕರೆ ಹದಿಮೂರು ಗುಂಟೆ

ಏಳನೆಯ ಕಂತು

“ಇನ್ನೊಂದು ಸಲ ಕೂಡ್ಸಿ ಕಾಕಾ,” ಎಂದಳು ಸಬಿಹಾ.

ಆಗಲೇ ಮೂರು ಸಲ ಕೂಡಿಸಿದ್ದೆ. ಮೂವತ್ತೊಂದು ವರ್ಷ ಸರ್ವೆ ಕೆಲಸದಲ್ಲಿ ಸೊರಬದ ಗದ್ದೆ ಬದುಗಳನ್ನೆಲ್ಲ ತುಳಿದ ಗುತ್ಯಪ್ಪನಿಗೆ, ಅಂದರೆ ನನಗೆ, ಇಪ್ಪತ್ತೆರಡು ವರ್ಷದ ಹುಡುಗಿ ಲೆಕ್ಕ ಹೇಳಿಕೊಡುತ್ತಿದ್ದಳು. ಬೇರೆ ದಿನವಾಗಿದ್ದರೆ ಪೆನ್ನು ಮೇಜಿನ ಮೇಲೆ ಕುಕ್ಕಿ ಎದ್ದು ಹೋಗುತ್ತಿದ್ದೆ. ಆದರೆ ಅವಳ ಅಪ್ಪ ಸೊರಬದಲ್ಲಿ ಪೊಲೀಸರ ವಶದಲ್ಲಿದ್ದ. ಅದೂ ಕೊಲೆ ಮಾಡಿದ ಆರೋಪದ ಮೇಲೆ.

ನಾಲ್ಕನೆಯ ಸಲ ಕೂಡಿಸಿದೆ. ಇಪ್ಪತ್ತೊಂದು ಎಕರೆ ಮೂವತ್ತಮೂರು ಗುಂಟೆ.

ಹಾಳೆಯ ಕೆಳಗೆ ಕಂಪ್ಯೂಟರು ಅಚ್ಚು ಹಾಕಿದ ಮೊತ್ತ ಇಪ್ಪತ್ತಮೂರು ಎಕರೆ ಆರು ಗುಂಟೆ.

“ನಿನ್ನ ಮಷೀನಿಗೆ ತಲೆ ಕೆಟ್ಟದೆ, ಇನ್ನೆಂತ?” ಎಂದೆ. “ಹನ್ನೊಂದು ಸಾಲು ಕೂಡ್ಸಕ್ಕೆ ಬರದಿಲ್ಲ ಇದಕ್ಕೆ.”

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿ, ಬಟ್ಟೆ ಅಂಗಡಿಯ ಮಾಳಿಗೆ. ಹೆಸರು ‘ಸಿದ್ಧಿ ಕಂಪ್ಯೂಟರ್ಸ್’, ಸಬಿಹಾ ಕೆಲಸ ಮಾಡುವ ಸೆಂಟರು. ಅಲ್ಲಿಯ ಶಿಸ್ತು ನಮ್ಮ ಗುಡಿಯಲ್ಲೂ ಇಲ್ಲ. ಮೆಟ್ಟಿಲ ಬುಡದಲ್ಲೇ ಚಪ್ಪಲಿ ಬಿಡಬೇಕು, ಬಾಗಿಲಲ್ಲಿ ದಪ್ಪ ರಿಜಿಸ್ಟರಿನಲ್ಲಿ ಹೆಸರು, ಹೊತ್ತು, ಬಂದ ಕೆಲಸ ಎಲ್ಲ ಬರೆದು ಸಹಿ ಹಾಕಬೇಕು. ಕಂಪ್ಯೂಟರಿಗೆ ಧೂಳು ಆಗುವುದಿಲ್ಲವಂತೆ. ಬರಿಗಾಲಲ್ಲಿ ನಿಂತು ಸಹಿ ಹಾಕುವಾಗ ಆ ರಿಜಿಸ್ಟರನ್ನು ಮನಸಾರೆ ಬೈದುಕೊಂಡಿದ್ದೆ.

ಕಳೆದ ಗುರುವಾರ ಕೆಂಗಟ್ಟೆಯ ತೋಟಪ್ಪನವರ ಹೆಣ ಪಾಳುಬಿದ್ದ ಜಮೀನಿನ ಬಾವಿಯಲ್ಲಿ ತೇಲಿದ್ದು, ಬಾವಿಕಟ್ಟೆಯ ಮೇಲೆ ಸಬಿಹಾಳ ಅಪ್ಪ, ಪಂಪ್‌ಸೆಟ್ ರಿಪೇರಿಯ ನಜೀರ್ ಸಾಬನ ಸಾಮಾನಿನ ಚೀಲ ಸಿಕ್ಕಿದ್ದು ಊರಿಗೆಲ್ಲ ಗೊತ್ತು. ಡಾಕ್ಟರು ಪ್ರಾಣ ಹೋದದ್ದು ಮಂಗಳವಾರ ಸಂಜೆ ಎಂದರು. ಮಂಗಳವಾರ ಸಂಜೆ ನಾಲ್ಕಕ್ಕೆ ನಜೀರ್ ಸಾಬ್ ಅಲ್ಲಿಗೆ ಹೋಗಿದ್ದ. ಅದನ್ನು ಅವನೇ ಒಪ್ಪಿಕೊಂಡಿದ್ದಾನೆ.

“ತೋಟಪ್ಪನೋರೇ ಕರೆದ್ರು. ನಮ್ಮ ಬಾವಿ ಪಂಪು ನೀರು ಎತ್ತಲ್ಲ, ನೋಡು ಅಂದ್ರು. ನೋಡ್ದೆ. ವಾಷರ್ ಹೋಗಿತ್ತು. ಗುರುವಾರ ತರ್ತೀನಿ ಅಂತ ಚೀಲ ಅಲ್ಲೇ ಬಿಟ್ಟು ಬಂದೆ. ಬುಧವಾರ ಪೂರಾ ಜ್ವರ, ಹಾಸಿಗೆ ಬಿಟ್ಟು ಎದ್ದಿಲ್ಲ.”

ಅವನ ಮಾತು ಇಷ್ಟೇ. ಅದನ್ನು ಒಂದೇ ಏಟಿಗೆ ಮುರಿದವನು ತೋಟಪ್ಪನವರ ಅಣ್ಣನ ಮಗ ಚಂದ್ರಶೇಖರ. ಆ ಬಾವಿ ನಮ್ಮದಲ್ಲ, ನಮ್ಮದಲ್ಲದ ಬಾವಿಗೆ ಚಿಕ್ಕಪ್ಪ ಪಂಪು ರಿಪೇರಿಗೆ ಯಾಕೆ ಕರೆಯುತ್ತಾರೆ ಎಂದು ಕೇಳಿದ. ಪಹಣಿಯಲ್ಲೂ ಆ ಜಮೀನು ಎಂದೋ ಸತ್ತ ಬೇರೆಯವರ ಹೆಸರಿನಲ್ಲಿತ್ತು. ಅದರ ಮೇಲೆ ಚಂದ್ರಶೇಖರ ಈ ಕಂಪ್ಯೂಟರ್ ಹಾಳೆ ತಂದು ಪೊಲೀಸರ ಮುಂದಿಟ್ಟ. ಮಕ್ಕಳಿಲ್ಲದ ತೋಟಪ್ಪನವರು ಸಾಯುವ ವಾರದಲ್ಲಿ ತಾವೇ ಹೇಳಿ ಬರೆಸಿದ ಪಾಲುಪಟ್ಟಿ ಅದು. ಹನ್ನೊಂದು ಜಮೀನು, ಯಾವುದು ಯಾರಿಗೆ ಎಂಬುದೂ ಬರೆದಿತ್ತು. ಏಳು ಚಂದ್ರಶೇಖರನಿಗೆ, ನಾಲ್ಕು ಅವನ ತಂಗಿಗೆ. ಬಾವಿಯ ಜಮೀನು ಅದರಲ್ಲಿ ಇಲ್ಲ.

ಬಾವಿ ತೋಟಪ್ಪನವರದಲ್ಲ ಎಂದಾದರೆ ನಜೀರ್ ಸಾಬ್ ಸುಳ್ಳುಗಾರ. ಸುಳ್ಳುಗಾರ ಎಂದಾದ ಮೇಲೆ ಮುಂದಿನದನ್ನು ನಂಬಿಸುವುದು ಯಾರಿಗೂ ಕಷ್ಟವಿರಲಿಲ್ಲ.

ಆ ಹಾಳೆಯ ಜೆರಾಕ್ಸ್ ನನ್ನ ಕೈಗೆ ಕೊಟ್ಟವರು ಸೊರಬದ ವಕೀಲೆ ಶಕುಂತಲಮ್ಮ. “ಇವತ್ತು ಸಂಜೆಯೊಳಗೆ ಜಾಮೀನು ಅರ್ಜಿ ಬರೆದು ಮುಗಿಸ್ಬೇಕು ಗುತ್ಯಪ್ಪನೋರೆ. ಹನ್ನೆರಡು ಗಂಟೆಗೆ ಅಲ್ಲಿಗೇ ಫೋನ್ ಮಾಡ್ತೀನಿ. ಏನಾದ್ರೂ ಸಿಕ್ಕಿದ್ರೆ ಹೇಳಿ, ಇಲ್ದಿದ್ರೆ ಇಲ್ಲ ಅಂತ ಹೇಳಿ” ಎಂದಿದ್ದರು. ಗೋಡೆಯ ಗಡಿಯಾರದಲ್ಲಿ ಆಗ ಹನ್ನೊಂದು ಇಪ್ಪತ್ತು.

“ಮಷೀನ್ ತಲೆ ಕೆಟ್ಟಿಲ್ಲ ಕಾಕಾ,” ಎಂದಳು ಸಬಿಹಾ. “ನೀವು ಹಳೇ ಕಥೆ ನೆನಪಿಟ್ಕಂಡು ಹೇಳ್ತಿದೀರಿ.”

ಹಳೆಯ ಕಥೆ ನಿಜ. ಎರಡು ತಿಂಗಳ ಹಿಂದೆ ಈ ಕಂಪ್ಯೂಟರನ್ನು ನೆನೆದು ಶಿಕಾರಿಪುರ ಪೇಟೆಯೇ ನಕ್ಕಿತ್ತು. ಎರಡು ಎಕರೆ ಮೂವತ್ತು ಗುಂಟೆಗೆ ಒಂದು ಎಕರೆ ಇಪ್ಪತ್ತು ಗುಂಟೆ ಕೂಡಿಸಿದರೆ ನಾಲ್ಕು ಎಕರೆ ಹತ್ತು ಗುಂಟೆ. ಹೊಲದ ಮುಖ ಕಂಡ ಯಾರನ್ನು ಬೇಕಾದರೂ ಕೇಳಿ. ಇದು ಮಾತ್ರ ಮೂರು ಎಕರೆ ಐವತ್ತು ಗುಂಟೆ ಎಂದು ಅಚ್ಚು ಹಾಕಿತ್ತು. ನಲವತ್ತು ಗುಂಟೆಗೆ ಒಂದು ಎಕರೆಯಾಗುತ್ತದೆ ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ, ರೂಪಾಯಿ ಪೈಸೆಯ ಹಾಗೆ ನೂರಕ್ಕೆ ಕಾಯುತ್ತಾ ಕೂತಿತ್ತು. ಹೋಟೆಲಿನಲ್ಲಿ ನಾನೇ ಈ ಕಥೆಯನ್ನು ಹತ್ತು ಸಲ ಹೇಳಿ ನಗಿಸಿದ್ದೇನೆ.

ಆ ತಪ್ಪನ್ನು ಮೊದಲು ಕಂಡುಹಿಡಿದವರು ತೋಟಪ್ಪನವರೇ. ನಗಲಿಲ್ಲವಂತೆ. ಸಬಿಹಾಳ ಪಕ್ಕದಲ್ಲಿ ಎರಡು ದಿನ ಸ್ಟೂಲು ಹಾಕಿಕೊಂಡು ಕೂತು, ಗುಂಟೆ ಹೇಗೆ ಎಕರೆಯಾಗುತ್ತದೆ, ಸಾಗುವಳಿಗೆ ಬಾರದ ಖರಾಬು ಹೇಗೆ ಕಳೆಯಬೇಕು ಎಂದು ಹೇಳಿಕೊಟ್ಟು, ಅವಳು ಎಲ್ಲ ಸರಿಪಡಿಸುವವರೆಗೆ ಎದ್ದಿರಲಿಲ್ಲ.

“ಈಗ ಎಲ್ಲಾನೂ ಮೊದಲು ಗುಂಟೆ ಮಾಡ್ತೈತೆ,” ಎಂದಳು. “ಖರಾಬು ಕಳೀತೈತೆ, ಕೂಡ್ತೈತೆ, ಆಮೇಲೆ ನಲವತ್ತರಿಂದ ಭಾಗ ಮಾಡಿ ಎಕರೆ ತೋರಿಸ್ತೈತೆ. ಈ ಎರಡು ತಿಂಗಳಲ್ಲಿ ನೂರಾರು ಪಟ್ಟಿ ತೆಗೆದೀನಿ. ಒಂದೂ ತಪ್ಪಿಲ್ಲ.”

“ಮತ್ತೆ ಈ ಹೆಚ್ಚಿಗೆ ಎಲ್ಲಿಂದ ಬಂತು?”

ಕೇಳಿದ ಮೇಲೆ ನನ್ನ ಮಾತು ನನಗೇ ಚುಚ್ಚಿತು. ಹೆಚ್ಚಿಗೆ! ಆ ನಲವತ್ತರ ತಪ್ಪಿನಲ್ಲಿ ಮೊತ್ತ ಯಾವಾಗಲೂ ಕಡಿಮೆ ಬರುತ್ತದೆ. ನಾಲ್ಕು ಎಕರೆ ಹತ್ತು ಗುಂಟೆ ಎನ್ನಬೇಕಾದಲ್ಲಿ ಮೂರು ಐವತ್ತು ಎನ್ನುತ್ತದೆ. ಹೆಚ್ಚು ಬರಲು ಸಾಧ್ಯವೇ ಇಲ್ಲ. ಇಲ್ಲಿ ಹೆಚ್ಚು ಬಂದಿದೆ. ಅದೂ ಒಂದು ಎಕರೆ ಹದಿಮೂರು ಗುಂಟೆ.

ಇದನ್ನು ನಿನ್ನೆ ರಾತ್ರಿ ಜೆರಾಕ್ಸ್ ಕೈಗೆ ಬಂದಾಗಲೇ ನೋಡಬೇಕಿತ್ತು. ಕಂಪ್ಯೂಟರ್ ಎಂದರೆ ತಪ್ಪೇ ಇರುತ್ತದೆ ಎಂಬ ನನ್ನ ಕೊಬ್ಬಿನಿಂದಾಗಿ ಕೆಳಗಿನ ಸಾಲನ್ನು ಓದಿಯೇ ಇರಲಿಲ್ಲ. ನನ್ನ ಮೇಲೇ ಸಿಟ್ಟು ಬಂತು.

“ಕಾಕಾ, ಒಂದು ವಿಷಯ ಕೇಳಿ,” ಸಬಿಹಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. “ಈ ಕೊನೇ ಕಾಲಂ ಐತಲ್ಲ, ಖರಾಬು ಕಳೆದು ಉಳಿದಿದ್ದು, ಅದು ಕಂಪ್ಯೂಟರೊಳಗೆ ಎಲ್ಲೂ ಬರೆದಿಟ್ಟಿಲ್ಲ. ಅಚ್ಚು ಹಾಕೋವಾಗ ಲೆಕ್ಕ ಹಾಕಿ ತೋರಿಸ್ತೈತೆ, ಅಷ್ಟೇ. ಬರೆದಿಡದೆ ಇರೋದನ್ನ ಕೂಡೋದು ಹೆಂಗೆ? ಅದಕ್ಕೆ ಮೊತ್ತ ಬೇಕು ಅಂದ್ರೆ ಅದು ಮೇಲಿನ ಸಾಲು ನೋಡಲ್ಲ. ಒಳಗಿನ ಫೈಲಿಗೇ ಹೋಗ್ತೈತೆ. ಒಂದೊಂದೇ ಜಮೀನು ತಗೊಂಡು, ಖರಾಬು ಕಳೆದು, ಮೊದಲಿಂದ ಲೆಕ್ಕ ಹಾಕಿ ಕೂಡ್ತೈತೆ.”

“ಅಂದ್ರೆ?”

“ಕಾಗದದ ಮೇಲೆ ಕಾಣಿಸದೆ ಇರೋ ಸಾಲೂ ಮೊತ್ತದಲ್ಲಿ ಇರ್ತೈತೆ.”

ನಾನು ಮೂವತ್ತೊಂದು ವರ್ಷ ಕೂಡಿಸಿದ್ದು ಕಣ್ಣಿಗೆ ಕಂಡ ಸಾಲುಗಳನ್ನು ಮಾತ್ರ.

“ಒಳಗೆ ಎಷ್ಟು ಸಾಲು ಅದೆ, ನೋಡು ಮಾರಾಯ್ತಿ,” ಎಂದೆ.

ಅವಳ ಬೆರಳು ಕೀಲಿಗಳ ಮೇಲೆ ಓಡಿತು. ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರಗಳು ಮೂಡಿದವು. ಅವಳು ತೆರೆಗೆ ಬೆರಳು ತಾಗಿಸಿ ಎಣಿಸಿದಳು. ನಾನೂ ಎಣಿಸಿದೆ. ಹನ್ನೆರಡು.

“ನಾನು ಊರಲ್ಲಿರಲಿಲ್ಲ,” ಎಂದಳು, ಯಾರೋ ತಪ್ಪು ಹೊರಿಸಿದ ಹಾಗೆ. “ಭಾನುವಾರದಿಂದ ಗುರುವಾರದವರೆಗೂ ಹಾವೇರಿಗೆ ಮದುವೆಗೆ ಹೋಗಿದ್ದೆ. ಇದನ್ನ ಸೋಮವಾರ ಟೈಪ್ ಮಾಡಿದ್ದು ಸಿದ್ಧಲಿಂಗೇಶ್ ಸರ್.”

ಕಾಗದದಲ್ಲಿ ಇಲ್ಲದ್ದು ಒಂಬತ್ತನೆಯ ಸಾಲು. ಸರ್ವೆ ನಂಬರು ನಲವತ್ತೇಳರ ಮೂರನೇ ಹಿಸ್ಸೆ. ವಿಸ್ತೀರ್ಣ ಒಂದು ಎಕರೆ ಹದಿನಾರು ಗುಂಟೆ, ಖರಾಬು ಮೂರು ಗುಂಟೆ. ಉಳಿಯುವುದು ಒಂದು ಎಕರೆ ಹದಿಮೂರು.

“ಅದೇ ಬಾವಿ. ಪಹಣಿಯಲ್ಲೂ ಇದೇ ನಂಬರು,” ಎಂದೆ. “ಇಷ್ಟು ಸಣ್ಣ ಹಿಸ್ಸೆಗೆ ಮೂರು ಗುಂಟೆ ಖರಾಬು ಬೇರೆ ಯಾತಕ್ಕೂ ಬರದಿಲ್ಲ. ಬಾವಿ, ಬಾವಿಗೆ ಹೋಗೋ ದಾರಿ. ಪಹಣಿಯಲ್ಲಿ ಹೆಸರು ಯಾರದೇ ಇರಲಿ, ತೋಟಪ್ಪನೋರು ಇದನ್ನ ತಮ್ಮದು ಅಂತ ಬರೆಸಿದಾರೆ. ನಿಮ್ಮಪ್ಪ ಸುಳ್ಳು ಹೇಳಿಲ್ಲ.”

ಸಬಿಹಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಾಲ್ಕು ದಿನದಿಂದ ಅಳದೆ ಹಲ್ಲು ಕಚ್ಚಿಕೊಂಡಿದ್ದ ಹುಡುಗಿ ಅದು. ನನಗೂ ಕಣ್ಣು ತುಂಬಿತು, ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಂಡೆ.

“ಯಾರಿಗೆ ಅಂತ ಬರೆಸಿದಾರೆ, ನೋಡು,” ಎಂದೆ.

ಅವಳು ಬಾಣದ ಕೀಲಿಯನ್ನು ಒತ್ತಿದಳು. ತೆರೆ ಪಕ್ಕಕ್ಕೆ ಸರಿಯಿತು. ಕೊನೆಯ ಕಾಲಂ ಬಂತು. ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿದ್ದವು. ನಾನು ಒಂದೊಂದೇ ಅಕ್ಷರ ಜೋಡಿಸಿ ಓದುವಷ್ಟರಲ್ಲಿ ಅವಳ ಕೈ ಕೀಲಿಯ ಮೇಲೇ ನಿಂತುಬಿಟ್ಟಿತ್ತು.

ನಜೀರ್ ಸಾಬ್ ಮಗಳು ಸಬಿಹಾ.

ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ಓದಿದೆ.

“ನಿಂಗೆ ಗೊತ್ತಿತ್ತನಾ?” ಎಂದು ಕೇಳಿದೆ.

“ಇಲ್ಲ. ಅಲ್ಲಾನಾಣೆ ಇಲ್ಲ ಕಾಕಾ.” ಅವಳ ಮುಖ ಬಿಳಿಚಿಕೊಂಡಿತ್ತು. “ಅವರು ನಂಗೆ ಯಾಕೆ ಕೊಟ್ರು? ಎರಡು ದಿನ ಲೆಕ್ಕ ಹೇಳ್ಕೊಟ್ರು ಅಷ್ಟೇ. ನಾನವರಿಗೆ ಏನೂ ಆಗ್ಬೇಕಾಗಿಲ್ಲ.”

ಅವಳು ಇದ್ದಕ್ಕಿದ್ದಂತೆ ಬಾಗಿ ಮತ್ತೇನೋ ಒತ್ತಿದಳು. ಈ ಸಲ ಬಂದದ್ದು ಫೈಲುಗಳ ಹೆಸರು, ಪಕ್ಕದಲ್ಲಿ ತಾರೀಖು, ಗಂಟೆ. ಫೈಲನ್ನು ಕೊನೆಯ ಸಲ ಮುಟ್ಟಿದ ಹೊತ್ತನ್ನು ಕಂಪ್ಯೂಟರು ತಾನೇ ಬರೆದುಕೊಳ್ಳುತ್ತದಂತೆ.

“ಜಮೀನು ಟೈಪ್ ಮಾಡಿದ್ದು ಸೋಮವಾರ. ಅಚ್ಚಿನ ನಮೂನೆ ನಾನು ಮಾಡಿದ್ದು, ಎರಡು ತಿಂಗಳ ಹಿಂದೆ. ಆದ್ರೆ ನೋಡಿ, ಅದನ್ನ ಬುಧವಾರ ತಿದ್ದಿದಾರೆ. ಬುಧವಾರ ಹನ್ನೊಂದೂ ನಲವತ್ತು. ನಲವತ್ತೇಳರ ಮೂರು ಬಂದ್ರೆ ಅಚ್ಚು ಹಾಕಬ್ಯಾಡ ಅಂತ ಸೇರಿಸಿದಾರೆ.”

“ಬುಧವಾರ,” ಎಂದೆ.

“ತೋಟಪ್ಪನೋರು ಶುಕ್ರವಾರ ತಾವೇ ಬಂದು ಪಟ್ಟಿ ಒಯ್ಯೋರಿದ್ರು, ಸರ್ ಹೇಳಿದ್ರು. ಒಂದು ಸಾಲು ಇಲ್ದಿದ್ರೆ ಅವರಿಗೆ ಗೊತ್ತಾಗ್ತಿರಲಿಲ್ವಾ? ಅವರು ಇನ್ನು ಬರಲ್ಲ ಅಂತ ಗೊತ್ತಿದ್ದೋರಿಗೆ ಮಾತ್ರ ಇಂಥ ಧೈರ್ಯ ಬರ್ತೈತೆ. ಹೆಣ ಸಿಕ್ಕಿದ್ದು ಗುರುವಾರ. ಬುಧವಾರ ಅದು ಗೊತ್ತಿದ್ದೋನು ಒಬ್ಬನೇ.” ಅವಳು ನನ್ನ ಕಡೆ ತಿರುಗಿದಳು. ಕಣ್ಣು ಕೆಂಪಗಾಗಿತ್ತು. “ಈ ಸಾಲು ಮುಚ್ಚಿಸಿದೋನೇ ಅವರನ್ನ ಬಾವಿಗೆ ತಳ್ಳಿದೋನು. ಯಾರೇ ಆಗಿರ್ಲಿ ಕಾಕಾ, ನೀವು ಬಿಡಬಾರ್ದು. ನಂಗೆ ಮಾತು ಕೊಡಿ.”

ಕೊಟ್ಟೆ. ಚಂದ್ರಶೇಖರನ ಮುಖ ನನ್ನ ಕಣ್ಣ ಮುಂದೆ ಇತ್ತು. ಒಂದು ಎಕರೆ ಹದಿಮೂರು ಗುಂಟೆ ಹೊರಗಿನವರ ಪಾಲಾಗುವುದನ್ನು ಅವನು ಸುಮ್ಮನೆ ನೋಡುವ ಪೈಕಿ ಅಲ್ಲ. ಅವಳ ಮುಂದೆಯೇ ಎದೆ ಮುಟ್ಟಿಕೊಂಡು ಮಾತು ಕೊಟ್ಟೆ.

ಮೆಟ್ಟಿಲ ಮೇಲೆ ಕಾಲ ಸದ್ದಾಯಿತು. ಪ್ರಿಂಟರಿನ ರಿಬ್ಬನ್ ಶಿವಮೊಗ್ಗದಿಂದ ಬಸ್ಸಿನಲ್ಲಿ ಬರುತ್ತದೆಂದು ಬಸ್ ಸ್ಟ್ಯಾಂಡಿಗೆ ಹೋಗಿದ್ದ ಸಿದ್ಧಲಿಂಗೇಶ ಒಳಗೆ ಬಂದ. ಈ ಸೆಂಟರಿನ ಮಾಲೀಕ. ಮೂವತ್ತು ದಾಟಿಲ್ಲ, ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನನ್ನನ್ನು ನೋಡಿ ನಕ್ಕ. ತೆರೆಯನ್ನು ನೋಡಿದ ಮೇಲೆ ಆ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ.

“ಏನ್ರೀ ಇದು ಗುತ್ಯಪ್ಪನೋರೆ? ಗಿರಾಕಿಗಳ ಫೈಲು ಹಿಂಗೆಲ್ಲ ತೆಗೀಬಾರ್ದು.”

“ಕೂತ್ಕ ಸಿದ್ಧಲಿಂಗೇಶ. ತೋಟಪ್ಪನೋರ ಪಟ್ಟಿ ಮೊತ್ತ ಸರಿ ಬರ್ತಿಲ್ಲ.”

“ಅದಾ? ಹಳೇ ನಲವತ್ತು ಗುಂಟೆ ತಪ್ಪು ರೀ. ಮತ್ತೆ ಬಂದಿರ್ತೈತಿ. ಕಂಪ್ಯೂಟರ್ ಅಂದ್ಮೇಲೆ...”

“ಆ ತಪ್ಪಲ್ಲಿ ಮೊತ್ತ ಕಡಿಮೆ ಬರ್ತದೆ. ಇಲ್ಲಿ ಹೆಚ್ಚು ಬಂದದೆ. ನಾಲ್ಕು ಸಲ ಕೂಡ್ಸೀನಿ.”

ಅವನು ತೆರೆಯಿಂದ ಕಣ್ಣು ತೆಗೆದು ಪ್ರಿಂಟರಿನ ಕಡೆ ನೋಡಿದ.

“ಸಾಲು ಮುಚ್ಚೋದು ನಿಂಗೆ ಗೊತ್ತಿತ್ತು,” ಎಂದೆ. “ಮೊತ್ತ ಎಲ್ಲಿಂದ ಬರ್ತದೆ ಅನ್ನೋದು ಈ ಹುಡುಗಿಗೆ ಮಾತ್ರ ಗೊತ್ತಿತ್ತು. ಕೆಳಗಿನ ಅಂಕಿ ಕಡೆ ನೀನು ನೋಡ್ಲೂ ಇಲ್ಲ, ಅಲ್ದನಾ?”

ಸಿದ್ಧಲಿಂಗೇಶ ಕುರ್ಚಿಗೆ ಕುಸಿದ. ರಿಬ್ಬನ್ನಿನ ಪೊಟ್ಟಣ ಇನ್ನೂ ಕೈಯಲ್ಲೇ ಇತ್ತು. ಅವನ ಹಣೆಯಲ್ಲಿ ಬೆವರು ಕಂಡು ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

“ನಾನು ಕೊಲೆ ಗಿಲೆ ಏನೂ ಮಾಡಿಲ್ಲ ರೀ. ದೇವರಾಣೆ.”

“ಮಾಡಿದೀಯ ಅಂದ್ನಾ? ಮುಚ್ಚಿದ್ದು ಯಾರ ಮಾತಿಗೆ, ಅದನ್ನ ಹೇಳು. ಚಂದ್ರಶೇಖರನ?”

“ಚಂದ್ರಶೇಖರ್‌ಗೆ ಈ ಸಾಲು ಇತ್ತು ಅನ್ನೋದೇ ಗೊತ್ತಿಲ್ಲ. ಅವರು ಬಂದಿದ್ದು ಶುಕ್ರವಾರ. ಮಣ್ಣು ಮಾಡಿ ಬಂದೋರು, ಪಟ್ಟಿ ಕೊಡು ಅಂದ್ರು, ಕೊಟ್ಟೆ.”

ಚಂದ್ರಶೇಖರನಲ್ಲದಿದ್ದರೆ ಇನ್ಯಾರು?

“ಸುಳ್ಳು!” ಸಬಿಹಾ ಎದ್ದು ನಿಂತಳು. “ಅವರನ್ನ ಉಳಿಸಕ್ಕೆ ಹೇಳ್ತಿದೀರಿ. ನಮ್ಮಪ್ಪ ಅಲ್ಲಿ ನೆಲದ ಮೇಲೆ ಮಲಗಿದಾರೆ ಸರ್. ಮೂರು ವರ್ಷ ನಿಮ್ಮ ಹತ್ರ ದುಡಿದೀನಿ. ಯಾರು ಅಂತ ಹೇಳಿ.”

“ಆ ಸಾಲು ಅಳಿಸಿಬಿಡ್ಲಾ ಅಂತ ಕೇಳ್ದೆ,” ಸಿದ್ಧಲಿಂಗೇಶ ನೆಲ ನೋಡುತ್ತ ಹೇಳಿದ. “ಅಳಿಸಬ್ಯಾಡ, ಕಾಣದಂಗೆ ಮಾಡು ಸಾಕು, ಮುಂದೆ ಒಂದಿನ ಬೇಕಾಗ್ತೈತಿ ಅಂದ್ರು. ಕೈ ಮುಗಿದ್ರು ರೀ. ಅವರು ಕೈ ಮುಗಿದಿದ್ದು ನೋಡಿ ನಂಗೇ ಒಂಥರಾ ಆತು. ಆಗ ತೋಟಪ್ಪನೋರು ತೀರ್ಕಂಡಿದ್ದು ನಂಗೆ ಗೊತ್ತಿರಲಿಲ್ಲ. ಗುರುವಾರ ಗೊತ್ತಾದ ಮ್ಯಾಲೆ ಭಯ ಬಿದ್ದು ಸುಮ್ಮನಾದೆ.”

“ಯಾರು?” ಎಂದೆ.

ಅವನು ನನ್ನನ್ನು ನೋಡಲಿಲ್ಲ. ಸಬಿಹಾಳನ್ನು ನೋಡಿದ. ಆ ನೋಟದಲ್ಲಿ ಕಳ್ಳತನವಿರಲಿಲ್ಲ, ಮರುಕವಿತ್ತು. ಆಗಲೇ ನನಗೆ ಹೆದರಿಕೆ ಶುರುವಾಯಿತು.

“ಸಬಿಹಾ, ನೀನು ಸ್ವಲ್ಪ ಕೆಳಗೆ ಹೋಗ್ತೀಯನಮ್ಮ?”

“ಹೋಗಲ್ಲ.”

“ನನ್ನ ಬಾಯಿಂದ ಬ್ಯಾಡ. ಇಲ್ಲಿಗೆ ಬಂದೋರೆಲ್ಲ ಸಹಿ ಹಾಕೇ ಒಳಗೆ ಬರೋದು. ರಿಜಿಸ್ಟರ್ ನೋಡ್ಕಳ್ರಿ.”

ಅವನು ಎದ್ದುಹೋಗಿ ಬಾಗಿಲ ಬಳಿಯ ರಿಜಿಸ್ಟರ್ ತಂದು ಮೇಜಿನ ಮೇಲಿಟ್ಟು, ಬೆನ್ನು ತಿರುಗಿಸಿ ಕಿಟಕಿಯ ಹತ್ತಿರ ನಿಂತ. ಹಾಳೆ ತಿರುವಿದವಳು ಸಬಿಹಾ. ಶನಿವಾರ, ಶುಕ್ರವಾರ, ಗುರುವಾರ ಹೀಗೆ ಹಿಂದೆ ಹಿಂದೆ ಹೋಗಿ ಆ ಬುಧವಾರಕ್ಕೆ ಬಂದಳು. ಕೆಲಸ ಕಮ್ಮಿ ಇದ್ದ ದಿನವಿರಬೇಕು, ಮೂರೇ ಸಾಲು. ಮೊದಲನೆಯದು ಒಬ್ಬ ಮೇಷ್ಟರು, ಪ್ರಶ್ನೆಪತ್ರಿಕೆ. ಮೂರನೆಯದು ಸಂಜೆ ನಾಲ್ಕಕ್ಕೆ, ಲಗ್ನಪತ್ರಿಕೆ.

ನಡುವಿನದು ಹನ್ನೊಂದು ಗಂಟೆಯದು. ಕೆಲಸ ಎಂಬಲ್ಲಿ ಸಿದ್ಧಲಿಂಗೇಶನ ಅಕ್ಷರ: ‘ತೋಟಪ್ಪನವರ ಪಟ್ಟಿ’. ಹೆಸರಿನ ಜಾಗ ಖಾಲಿ. ಸಹಿ ಉರ್ದುವಿನಲ್ಲಿ.

ನನಗೆ ಉರ್ದು ಓದಲು ಬರುವುದಿಲ್ಲ. ಸಬಿಹಾಗೆ ಬರುತ್ತದೆ.

ಅವಳು ಎಷ್ಟು ಹೊತ್ತು ನೋಡಿದಳೋ ಹೇಳಲಾರೆ. ಆಮೇಲೆ ನಿಧಾನವಾಗಿ ಬಲಗೈಯನ್ನು ಬಿಡಿಸಿ ಆ ಸಾಲಿನ ಮೇಲೆ ಇಟ್ಟಳು. ಅಂಗೈ ಪೂರ್ತಿ ಒತ್ತಿ ಮುಚ್ಚಿದಳು.

“ಯಾರದು ತಂಗಿ?” ಎಂದೆ.

“ಓದಕ್ಕೆ ಬರ್ತಿಲ್ಲ ಕಾಕಾ. ಯಾರದೋ ಐತೆ. ಗೀಚಿದಾರೆ.”

ಆದರೆ ಕೈ ಬರುವುದಕ್ಕೆ ಮುಂಚೆ ನಾನದನ್ನು ನೋಡಿಯಾಗಿತ್ತು. ಬಲದಿಂದ ಶುರುವಾಗಿ ಎಡಕ್ಕೆ ಉದ್ದ ಎಳೆದ ಒಂದು ಗೆರೆ, ಅದರ ಕೆಳಗೆ ಎರಡು ಚುಕ್ಕಿ. ಓದಲು ಬರದಿದ್ದರೇನಂತೆ. ಮೊನ್ನೆ ಶಕುಂತಲಮ್ಮನವರ ವಕಾಲತ್ತಿನ ಕಾಗದಕ್ಕೆ ಸಹಿ ಬೀಳುವಾಗ ಕಾಗದದ ತುದಿ ಹಿಡಿದುಕೊಂಡು ನಿಂತವನು ನಾನೇ. ಇದೇ ಗೆರೆ, ಇದೇ ಎರಡು ಚುಕ್ಕಿ. ಬುಧವಾರ ಪೂರಾ ಜ್ವರ, ಹಾಸಿಗೆ ಬಿಟ್ಟು ಎದ್ದಿಲ್ಲ ಎಂದು ಅಲ್ಲಾನ ಹೆಸರೆತ್ತಿ ಹೇಳಿದವನ ಸಹಿ.

ಮೂಲೆಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಹನ್ನೆರಡು ಗಂಟೆ. ಸಿದ್ಧಲಿಂಗೇಶ ಎತ್ತಿ, ರಿಸೀವರನ್ನು ನನ್ನ ಕೈಗೆ ಕೊಟ್ಟ.

“ಗುತ್ಯಪ್ಪನೋರೆ, ಶಕುಂತಲಮ್ಮ ಮಾತಾಡದು,” ಸೊರಬದಿಂದ ಧ್ವನಿ ಸ್ಪಷ್ಟವಾಗಿ ಕೇಳುತ್ತಿತ್ತು. “ಅರ್ಜಿ ಬರೆಯಕ್ಕೆ ಕೂತಿದೀನಿ. ಏನಾದ್ರೂ ಸಿಕ್ತನಾ?”

ಸಬಿಹಾ ನನ್ನನ್ನೇ ನೋಡುತ್ತಿದ್ದಳು. ಬಿಡಬಾರದು ಎಂದು ಹತ್ತು ನಿಮಿಷದ ಹಿಂದೆ ನನ್ನಿಂದ ಮಾತು ತೆಗೆದುಕೊಂಡವಳು ಅವಳೇ. ಅವಳ ಅಂಗೈ ಇನ್ನೂ ಆ ಸಾಲಿನ ಮೇಲೇ ಇತ್ತು.

“ಹಲೋ? ಗುತ್ಯಪ್ಪನೋರೆ? ಸಿಕ್ತಾ, ಇಲ್ವಾ?”